ಹೆರಿಗೆ ಆದ ಮೇಲೆ ಹೊಲಿಗೆ ನೋವು, ಉರಿ, ಸ್ವಚ್ಛತೆ: ಬಾಣಂತಿಯರ ಪ್ರಶ್ನೆಗಳು

ಹಾಸನದ ಹೊಸ ಅಮ್ಮ

ಎಲ್ಲರಿಗೂ ನಮಸ್ಕಾರ. ನನಗೆ ನಾರ್ಮಲ್ ಹೆರಿಗೆಯಾಗಿ ಒಂದು ವಾರದ ಮೇಲಾಯಿತು. ಕೆಳಗಡೆ ಕೊಯ್ದು ಹೊಲಿಗೆ ಹಾಕಿದ್ದಾರೆ. ಈಗ ತವರಿನಲ್ಲಿದ್ದೇನೆ. ಮಗು ಆರಾಮಾಗಿದೆ, ಚೆನ್ನಾಗಿ ಹಾಲು ಕುಡಿಯುತ್ತಿದೆ.

ಡಿಸ್ಚಾರ್ಜ್ ಮಾಡುವಾಗ "ಆ ಜಾಗ ಕ್ಲೀನಾಗಿ ಇಟ್ಕೊಳ್ಳಿ" ಅಂದರು. ಹೇಗೆ ಅಂತ ಯಾರೂ ಹೇಳಲಿಲ್ಲ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅತ್ತೆ ಫೋನಿನಲ್ಲಿ ಡೆಟಾಲ್ ಹಾಕಿ ತೊಳಿ ಅಂತಾರೆ. ಚಿಕ್ಕಮ್ಮ ಬೇವಿನ ಸೊಪ್ಪು ಕುದಿಸಿ ಕೊಡುತ್ತಾರೆ. ಗೆಳತಿ ಆನ್‌ಲೈನ್‌ನಲ್ಲಿ ಸಿಗುವ ಯಾವುದೋ ವಾಶ್ ತರಿಸಿಕೋ ಅಂದಳು. ಮೂತ್ರ ಮಾಡುವಾಗ ಹೊಲಿಗೆ ಮೇಲೆ ಉರಿ ತಡೆಯೋಕೆ ಆಗಲ್ಲ. ಅಮ್ಮ ಬೇರೆ ನೀರು ಜಾಸ್ತಿ ಕುಡಿಯಬೇಡ, ಹೊಟ್ಟೆ ದಪ್ಪ ಆಗುತ್ತೆ ಅಂತ ಲೋಟದಲ್ಲಿ ಅಳೆದು ಕೊಡುತ್ತಾರೆ. ಸಂಡಾಸಿಗೆ ಹೋಗೋಕೆ ಭಯ ಆಗಿ ಊಟವನ್ನೇ ಕಡಿಮೆ ಮಾಡಿದ್ದೇನೆ.

ಯಾವುದು ಸರಿ, ಯಾವುದು ಬೇಡ, ತಿಳಿದವರು ಹೇಳ್ತೀರಾ?

ನಿವೃತ್ತ ಸಿಸ್ಟರ್, ಮೈಸೂರು

ತಂಗಿ, ಮೊದಲು ಹೊಟ್ಟೆ ತುಂಬ ಊಟ ಮಾಡು. ನೀರು ಕುಡಿ. ಉಳಿದಿದ್ದು ಆಮೇಲೆ.

ನಾನು ವರ್ಷಗಟ್ಟಲೆ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವಳು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ತೊಳೆಯೋಕೆ ಬರೀ ನೀರು ಸಾಕು. ಉಗುರು ಬೆಚ್ಚಗಿನ ಶುದ್ಧ ನೀರು. ಪ್ರತಿ ಸಲ ಮೂತ್ರ ಮಾಡಿದ ಮೇಲೆ, ಸಂಡಾಸಿಗೆ ಹೋದ ಮೇಲೆ, ಪ್ಯಾಡ್ ಬದಲಾಯಿಸುವಾಗ ಮಗ್‌ನಿಂದ ಮೆಲ್ಲಗೆ ಮುಂದಿನಿಂದ ಹಿಂದಕ್ಕೆ ಹರಿಯುವ ಹಾಗೆ ಸುರಿದುಕೋ. ಹಿಂದಿನಿಂದ ಮುಂದಕ್ಕೆ ಬೇಡ, ಗುದದ ಕಡೆಯ ಕೀಟಾಣು ಗಾಯಕ್ಕೂ ಮೂತ್ರದ್ವಾರಕ್ಕೂ ಬರುತ್ತದೆ. ಆಮೇಲೆ ಮೆತ್ತಗಿನ ಶುಭ್ರ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿಕೋ. ಉಜ್ಜಬೇಡ. ಜೆಟ್ ಸ್ಪ್ರೇ ಇದ್ದರೆ ಜೋರಾಗಿ ಹೊಲಿಗೆ ಮೇಲೆ ಬಿಡಬೇಡ.

ಡೆಟಾಲ್‌ನಂಥ ದ್ರಾವಣ ಹಸಿ ಗಾಯಕ್ಕೆ ಬೇಡವೇ ಬೇಡ. ಚರ್ಮ ಸುಟ್ಟ ಹಾಗಾಗುತ್ತದೆ, ವಾಸಿಯಾಗೋದು ನಿಧಾನವಾಗುತ್ತದೆ. ಘಮಘಮ ಅನ್ನುವ ವಾಶ್‌ಗಳೂ ಬೇಡ. ಯೋನಿಯ ಒಳಭಾಗ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ. ಅಲ್ಲಿ ಒಳ್ಳೆಯ ಸೂಕ್ಷ್ಮಾಣುಗಳು ಇರುತ್ತವೆ. ಹೆರಿಗೆಯಾದ ಮೇಲೆ ಅವು ಮತ್ತೆ ನೆಲೆಯೂರಬೇಕು. ಒಳಗೆ ನೀರು ಹಾಯಿಸುವುದು, ಬೆರಳು ಹಾಕಿ ತೊಳೆಯುವುದು ಯಾವತ್ತೂ ಮಾಡಬಾರದು. ಸ್ನಾನದಲ್ಲಿ ಸೋಪು ಹೊರಗಡೆ ತೊಡೆಗೆಲ್ಲ ಹಚ್ಚಿಕೋ, ಹೊಲಿಗೆಗೆ ಉಜ್ಜಬೇಡ.

ಬೇವಿನ ನೀರಿನ ಬಗ್ಗೆ ಹೇಳಬೇಕು ಅಂದರೆ, ನಿನ್ನ ಚಿಕ್ಕಮ್ಮನ ಪ್ರೀತಿ ದೊಡ್ಡದು. ಆದರೆ ಗಾಯ ವಾಸಿಯಾಗೋಕೆ ಸಾದಾ ನೀರಿಗಿಂತ ಅದು ಬೇಕೇ ಬೇಕು ಅಂತೇನಿಲ್ಲ. ಸೊಪ್ಪಿನ ಚೂರು, ಮಣ್ಣು ಉಳಿದರೆ ತೊಂದರೆ. ಅವರು ಕಾಯಿಸಿದ ಆ ಬಿಸಿನೀರನ್ನೇ ಸೊಪ್ಪು ಹಾಕದೆ ಆರಿಸಿ ಕೊಡಲಿ.

ಡಾಕ್ಟರ್ ಬೆಟಾಡಿನ್ ಬರೆದುಕೊಟ್ಟಿದ್ದರೆ ಅವರು ಹೇಳಿದಷ್ಟೇ ದಿನ ಹಚ್ಚು. ಅದರಲ್ಲಿ ಅಯೋಡಿನ್ ಇದೆ. ಜಾಸ್ತಿ ಬಳಸಿದರೆ ಮೈಗೆ ಸೇರಿ ಎದೆಹಾಲಿಗೂ ಹೋಗುತ್ತದೆ, ಎಳೆಮಗುವಿನ ಥೈರಾಯ್ಡ್‌ಗೆ ಒಳ್ಳೆಯದಲ್ಲ.

ಉರಿಗೆ ಒಂದು ಸುಲಭ ಉಪಾಯ. ಮೂತ್ರ ಮಾಡುತ್ತಿರುವಾಗಲೇ ಉಗುರು ಬೆಚ್ಚಗಿನ ನೀರು ಮೇಲಿನಿಂದ ಸುರಿದುಕೋ. ಮೂತ್ರ ತೆಳುವಾಗಿ ಹರಿದುಹೋಗುತ್ತದೆ, ಗಾಯಕ್ಕೆ ಅಷ್ಟು ತಾಗಲ್ಲ. ನೀರು ಕಡಿಮೆ ಕುಡಿದರೆ ಮೂತ್ರ ಗಟ್ಟಿಯಾಗಿ ಹಳದಿಯಾಗುತ್ತದೆ, ಆಗ ಉರಿ ಜಾಸ್ತಿ. ಮಲವೂ ಗಟ್ಟಿ. ಹಾಲೂಡಿಸುವ ತಾಯಿಗೆ ಬಾಯಾರಿಕೆ ಸಹಜ, ಬಾಯಾರಿದಾಗಲೆಲ್ಲ ಕುಡಿಯಲೇಬೇಕು. ನೀರು ಕುಡಿದರೆ ಹೊಟ್ಟೆ ದಪ್ಪ ಆಗಲ್ಲ. ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರೋಕೆ ಸುಮಾರು 6 ವಾರ ಬೇಕು, ಅದಕ್ಕೇ ಹೊಟ್ಟೆ ಇನ್ನೂ ಉಬ್ಬಿದ ಹಾಗೆ ಕಾಣುತ್ತದೆ.

ಕೊನೆಗೆ ಕೈ. ಪ್ಯಾಡ್ ಬದಲಾಯಿಸಿದ ಮೇಲೆ ಎಲ್ಲರೂ ಕೈ ತೊಳೆಯುತ್ತಾರೆ. ಬದಲಾಯಿಸುವ ಮುಂಚೆಯೂ ಸೋಪು ಹಚ್ಚಿ ತೊಳೆಯಬೇಕು. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ಡಾಕ್ಟರ್, ಬಾಣಂತಿಯರನ್ನು ಮುಟ್ಟುವ ಮುಂಚೆ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಬೇಕು ಎಂದು ಕಡ್ಡಾಯ ಮಾಡಿದರು. ಬಾಣಂತಿ ಜ್ವರದ ಸಾವು ಅಷ್ಟರಿಂದಲೇ ತುಂಬಾ ಇಳಿಯಿತು. ನಾನು ಕೆಲಸಕ್ಕೆ ಸೇರಿದಾಗ ಮೊದಲು ಕಲಿತ ಪಾಠ ಅದು.

ಎರಡು ಮಕ್ಕಳ ತಾಯಿ, ದಾವಣಗೆರೆ

ಸಿಸ್ಟರ್ ಎಲ್ಲಾ ಹೇಳಿದ್ದಾರೆ. ಸಂಡಾಸಿನ ಭಯದ ಬಗ್ಗೆ ನಾನು ಹೇಳ್ತೀನಿ, ಯಾಕೆಂದರೆ ಮೊದಲ ಹೆರಿಗೆಯಲ್ಲಿ ನನಗೂ ಇದೇ ಭಯ ಇತ್ತು. ಹೊಲಿಗೆ ಬಿಚ್ಚಿಹೋಗುತ್ತೆ ಅನ್ನಿಸುತ್ತೆ ಅಲ್ವಾ? ಹಾಗೆ ಬಿಚ್ಚಿಕೊಳ್ಳೋದು ತುಂಬಾ ಅಪರೂಪ ಅಂತ ನಮ್ಮ ಡಾಕ್ಟರ್ ಸಮಾಧಾನ ಹೇಳಿದರು.

ಅವರು ಹೇಳಿಕೊಟ್ಟ ಹಾಗೆ, ಶುಭ್ರವಾದ ಪ್ಯಾಡ್ ಮಡಚಿ ಹೊಲಿಗೆಯ ಮೇಲೆ ಕೈಯಿಂದ ಮೆಲ್ಲಗೆ ಒತ್ತಿ ಹಿಡಿದುಕೊಳ್ಳಿ. ಆಗ ಧೈರ್ಯ ಬರುತ್ತೆ. ಕಮೋಡ್ ಆದರೆ ಕಾಲಿನ ಕೆಳಗೆ ಒಂದು ಚಿಕ್ಕ ಮಣೆ ಇಟ್ಟುಕೊಳ್ಳಿ, ಮುಂದಕ್ಕೆ ಬಾಗಿ ಕೂರಿ. ಉಸಿರು ಬಿಗಿ ಹಿಡಿದು ಮುಕ್ಕಬೇಡಿ. ಒತ್ತಡ ಬಂದಾಗ ತಡ ಮಾಡದೆ ಹೋಗಿ, ತಡೆದಷ್ಟೂ ಗಟ್ಟಿಯಾಗುತ್ತೆ.

ಊಟದಲ್ಲಿ ಸೊಪ್ಪಿನ ಸಾರು, ಬೇಯಿಸಿದ ತರಕಾರಿ, ಹೆಸರುಬೇಳೆ, ಪಪ್ಪಾಯಿ, ರಾತ್ರಿ ನೆನೆಸಿದ ಒಣದ್ರಾಕ್ಷಿ. ನಮ್ಮ ಕಡೆ ಬಾಣಂತಿಗೆ ಬರೀ ಅನ್ನ, ಮೆಣಸಿನ ಸಾರು, ತುಪ್ಪ, ಒಣಕೊಬ್ಬರಿ ಅಂಟಿನುಂಡೆ ಅಷ್ಟೇ ಕೊಡುತ್ತಾರೆ. ಉಂಡೆ ತಿನ್ನಿ, ಜೊತೆಗೆ ಸೊಪ್ಪನ್ನೂ ತಿನ್ನಿ. ಆಗಲೂ ಆಗದಿದ್ದರೆ ಮಲ ಮೆತ್ತಗಾಗುವ ಸಿರಪ್ ಇದೆ, ಹಾಲೂಡಿಸುವವರಿಗೂ ಆಗುತ್ತೆ. ಡಾಕ್ಟರನ್ನು ಕೇಳಿ.

ಕುಂದಾಪುರದ ಮಗಳು

ನಮ್ಮಲ್ಲಿ ಬಾಣಂತಿಗೆ ಎಣ್ಣೆ ಹಚ್ಚಿ ಹಂಡೆಯ ಬಿಸಿನೀರು ಮೀಯಿಸುತ್ತಾರೆ. ಅಮ್ಮನ ಮನೆಗೆ ಬರುವ ಅಜ್ಜಿ ಸೊಂಟಕ್ಕೆ ನೀರು ಹೊಡೆದು ಹೊಡೆದು ಹಾಕುವಾಗ ಮೈಯೆಲ್ಲ ಹಗುರ ಆಗಿತ್ತು. ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕಬೇಡಿ ದಯವಿಟ್ಟು. ಆ ಅಜ್ಜಿ ಬಿಟ್ಟರೆ ಬೇರೆ ಯಾರೂ ನನ್ನನ್ನು "ನೋವು ಉಂಟಾ ಮಗಾ" ಅಂತ ಕೇಳಿರಲಿಲ್ಲ.

ಆದರೆ ಒಂದು ಸಂಶಯ. ಅವರು ಸುಡುವ ನೀರನ್ನೇ ಕೆಳಗಡೆಗೂ ರಭಸದಿಂದ ಹೊಡೆಯುತ್ತಾರೆ. ಆಮೇಲೆ ಕೆಂಡದ ಮೇಲೆ ಲೋಬಾನ ಹಾಕಿ ಅದರ ಹೊಗೆಯ ಮೇಲೆ ನಿಲ್ಲಿಸುತ್ತಾರೆ, ಗಾಯ ಬೇಗ ಒಣಗುತ್ತೆ ಅಂತ. ಇದು ಸರಿಯಾ ಸಿಸ್ಟರ್?

ನಿವೃತ್ತ ಸಿಸ್ಟರ್, ಮೈಸೂರು

ಎಣ್ಣೆ ನೀರನ್ನು ನಾನೂ ಬೇಡ ಅನ್ನಲ್ಲ. ಬೆನ್ನು, ಸೊಂಟ, ಕಾಲಿಗೆ ಬಿಸಿನೀರು ಹಿತ. ಬಾಣಂತಿಯನ್ನು ಒಬ್ಬರು ಕೂರಿಸಿಕೊಂಡು ನೋಡಿಕೊಳ್ಳುವ ಪದ್ಧತಿ ನಮ್ಮಲ್ಲಿ ಉಳಿದಿರುವುದು ದೊಡ್ಡ ಭಾಗ್ಯ. ಸಿಸೇರಿಯನ್ ಆದವರು ಮಾತ್ರ ಡಾಕ್ಟರ್ ಒಪ್ಪುವವರೆಗೆ ಕಾಯಬೇಕು.

ಹೊಲಿಗೆ ಇರುವ ಜಾಗಕ್ಕೆ ಸುಡುನೀರು, ರಭಸ ಎರಡೂ ಬೇಡ. ಅಲ್ಲಿಯ ಚರ್ಮ ಬಾತಿರುತ್ತದೆ, ಸುಟ್ಟರೂ ಕೂಡಲೇ ಗೊತ್ತಾಗಲ್ಲ. ಹೊಗೆಯೂ ಬೇಡ. ಕೆಂಡದ ಬಿಸಿಗೆ ಬೊಬ್ಬೆ ಬಂದವರನ್ನು ನಾನು ನೋಡಿದ್ದೇನೆ. ಕಿಟಕಿ ಬಾಗಿಲು ಮುಚ್ಚಿದ ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡುವುದು ಇನ್ನೂ ಅಪಾಯ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು.

ಬಿಸಿಯ ಹಿತ ಬೇಕು ಅಂದರೆ ಟಬ್‌ನಲ್ಲಿ ಕೂರಿ. ಶುಭ್ರವಾಗಿ ತೊಳೆದ ಅಗಲವಾದ ಟಬ್, ಸೊಂಟದ ಕೆಳಭಾಗ ಮುಳುಗುವಷ್ಟು ಉಗುರು ಬೆಚ್ಚಗಿನ ನೀರು. 10ರಿಂದ 15 ನಿಮಿಷ, ದಿನಕ್ಕೆ ಎರಡು ಮೂರು ಸಲ. ನೀರಿಗೆ ಏನೂ ಹಾಕೋದು ಬೇಡ. ಕಮೋಡಿನ ಮೇಲೆ ಕೂರುವಂಥ ಟಬ್ಬೂ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಏಳುವಾಗ ತಲೆ ಸುತ್ತಬಹುದು, ಯಾರಾದರೂ ಹತ್ತಿರ ಇರಲಿ. ಆ ಟಬ್ ಮಗುವಿನ ಸ್ನಾನಕ್ಕೆ ಬಳಸಬೇಡಿ.

ಹೆರಿಗೆಯಾದ ಮೊದಲ ಎರಡು ಮೂರು ದಿನ ಬಾವು ಇರುವಾಗ ತಂಪು ಒಳ್ಳೆಯದು. ಐಸನ್ನು ಬಟ್ಟೆಯಲ್ಲಿ ಸುತ್ತಿ 10 ನಿಮಿಷ ಇಡುವುದು. ಬಾಣಂತಿಗೆ ತಂಪು ತಾಗಿದರೆ ಸನ್ನಿ ಬರುತ್ತೆ ಅಂತ ಹಿರಿಯರು ಹೆದರುತ್ತಾರೆ. ಐಸಿನಿಂದ ಸನ್ನಿ ಬರಲ್ಲ. ನೋವಿಗೆ ಪ್ಯಾರಾಸಿಟಮಾಲ್ ಹಾಲೂಡಿಸುವವರಿಗೂ ಸುರಕ್ಷಿತ, ಡಾಕ್ಟರ್ ಹೇಳಿದ ಪ್ರಮಾಣದಲ್ಲಿ.

ಆಶಾ ಕಾರ್ಯಕರ್ತೆ, ಕೊಪ್ಪಳ

ನಮಸ್ಕಾರ ಅಕ್ಕಂದಿರಿಗೆ. ನಾವು ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೋಗುತ್ತೇವೆ. ಎಲ್ಲರೂ ಮಗುವಿನ ತೂಕ ನೋಡಿ ಅಂತಾರೆ. ತಾಯಿಯನ್ನು ಪಕ್ಕಕ್ಕೆ ಕರೆದು "ಬ್ಲೀಡಿಂಗ್ ಹೆಂಗದ? ವಾಸನಿ ಅದ ಏನು? ಹೊಲಿಗಿ ನೋವು ಕಡಿಮಿ ಆತೇನು?" ಅಂತ ಕೇಳುವುದೂ ನಮ್ಮ ಕೆಲಸವೇ. ನಾಚಿಕೆ ಬೇಡ, ನಮ್ಮ ಹತ್ತಿರ ಹೇಳಿರಿ. ತವರಿಗೆ ಹೋಗಿದ್ದರೆ ಅಲ್ಲಿನ ಆಶಾಗೆ ತಾಯಿ ಕಾರ್ಡ್ ತೋರಿಸಿರಿ.

ಬ್ಲೀಡಿಂಗ್ ಬಗ್ಗೆ ಹೇಳ್ತೀನಿ. ಮೊದಲ ಮೂರು ನಾಲ್ಕು ದಿನ ಕೆಂಪಾಗಿ ಜಾಸ್ತಿ ಹೋಗುತ್ತದೆ. ಆಮೇಲೆ ಗುಲಾಬಿ, ಕಂದು ಬಣ್ಣ. 10 ದಿನದ ಸುಮಾರಿಗೆ ಹಳದಿ ಬಿಳಿ ಆಗಿ 4ರಿಂದ 6 ವಾರ ಸ್ವಲ್ಪ ಸ್ವಲ್ಪ ಹೋಗುತ್ತಿರುತ್ತದೆ. ಹಾಲೂಡಿಸುವಾಗ ಹೊಟ್ಟೆ ಹಿಂಡಿದ ಹಾಗೆ ಆಗಿ ಜಾಸ್ತಿ ಹೋಗಬಹುದು, ಗರ್ಭಕೋಶ ಕುಗ್ಗುತ್ತಿದೆ ಅಂತ ಅರ್ಥ. ಕಡಿಮೆ ಆಗಿದ್ದು ಕೆಲಸ ಮಾಡಿದ ದಿನ ಮತ್ತೆ ಕೆಂಪಾದರೆ ಮಲಗಿ ವಿಶ್ರಾಂತಿ ತಗೊಳ್ಳಿರಿ.

ಆದರೆ ಇವು ಕಂಡರೆ ಕಾಯಬೇಡಿ. ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ತೊಯ್ದರೆ, ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆ ಬಿದ್ದರೆ, ಜ್ವರ 100.4 ಡಿಗ್ರಿ ಮುಟ್ಟಿದರೆ, ಸ್ರಾವ ಕೊಳೆತ ವಾಸನೆ ಬಂದರೆ, ಹೊಲಿಗೆಯಲ್ಲಿ ಕೀವು ಬಂದರೆ ಅಥವಾ ಬಾಯಿ ಬಿಟ್ಟರೆ, ಮೂತ್ರವೇ ಆಗದಿದ್ದರೆ, ಒಂದೇ ಕಾಲು ಬಾತು ಮೀನಖಂಡ ನೋವಾದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಉಸಿರು ಕಟ್ಟಿದರೆ. ಇಂಥದ್ದಕ್ಕೆ ರಾತ್ರಿ ಎಷ್ಟೇ ಹೊತ್ತಾಗಿರಲಿ 108ಕ್ಕೆ ಫೋನ್ ಮಾಡಿರಿ. ಪುರುಡು ಮುಗಿಯಲಿ, ಹೊಸಲು ದಾಟಬಾರದು ಅಂತ ಕಾಯುವವರು ಈಗಲೂ ಇದ್ದಾರೆ. ಅದನ್ನು ಕೇಳಿದರೆ ನನ್ನ ಹೊಟ್ಟೆ ಉರಿಯುತ್ತದೆ.

ಅಮ್ಮ ನೀರು ಅಳೆದು ಕೊಡುತ್ತಾರೆ ಅಂದಿರಲ್ಲ, ಆಶಾನ ಮನೆಗೆ ಕರೆಸಿರಿ. ಮಗಳ ಮಾತು ಕೇಳದ ತಾಯಂದಿರು ನಮ್ಮ ಮಾತು ಕೇಳುತ್ತಾರೆ. "ಹಾಲು ಕುಡಿಸೋ ತಾಯಿಗೆ ನೀರು ಬೇಕ ಬೇಕು" ಅಂದರೆ ಸಾಕು, ಅಜ್ಜಿಯೇ ಚೊಂಬು ತರುತ್ತಾಳೆ.

ಬೆಂಗಳೂರಿನ ಹೊಸ ಅಪ್ಪ

ಗಂಡಸು ಇಲ್ಲಿ ಕೇಳಬಹುದಾ ಗೊತ್ತಿಲ್ಲ. ಹೆಂಡತಿಗೆ ಮುಂದಿನ ತಿಂಗಳು ಡೇಟ್ ಕೊಟ್ಟಿದ್ದಾರೆ. ಮಗುವಿನ ಸಾಮಾನೆಲ್ಲ ತಂದಾಯಿತು. ಅವಳಿಗಾಗಿ ಏನು ತಂದಿಡಬೇಕು?

ಎರಡು ಮಕ್ಕಳ ತಾಯಿ, ದಾವಣಗೆರೆ

ಧಾರಾಳವಾಗಿ ಕೇಳಿ ಅಣ್ಣ. ಎಲ್ಲಾ ಗಂಡಂದಿರೂ ಕೇಳಬೇಕಾದ ಪ್ರಶ್ನೆ ಇದು.

ಉದ್ದವಾದ, ದಪ್ಪ ಹತ್ತಿಯ, ಸುವಾಸನೆ ಇಲ್ಲದ ಮೆಟರ್ನಿಟಿ ಪ್ಯಾಡ್ ತನ್ನಿ. ತೆಳ್ಳಗಿನ ಪ್ಲಾಸ್ಟಿಕ್ ಜಾಲರಿಯದು ಹೊಲಿಗೆಗೆ ಅಂಟಿಕೊಂಡು ಎಳೆಯುತ್ತೆ. ಅಳತೆಗಿಂತ ಒಂದು ಸೈಜ್ ದೊಡ್ಡದಾದ ಹತ್ತಿ ಒಳಉಡುಪು, ಗಾಢ ಬಣ್ಣದ್ದು, ಸೊಂಟದ ಮೇಲಿನವರೆಗೆ ಬರುವಂಥದ್ದು. ಹಾಸಿಗೆಗೆ ಹಾಸುವ ರಬ್ಬರ್ ಶೀಟ್. ಒತ್ತಿದರೆ ನೀರು ಚಿಮ್ಮುವ ಮೆತ್ತಗಿನ ಬಾಟಲಿ. ಸಿಗದಿದ್ದರೆ ಹೊಸ ನೀರಿನ ಬಾಟಲಿಯ ಮುಚ್ಚಳಕ್ಕೆ ನಾಲ್ಕೈದು ತೂತು ಮಾಡಿದರೂ ನಡೆಯುತ್ತೆ. ಮೂರ್ನಾಲ್ಕು ಗಂಟೆಗೊಮ್ಮೆ ಪ್ಯಾಡ್ ಬದಲಾಯಿಸಬೇಕಾದ್ದರಿಂದ ಜಾಸ್ತಿಯೇ ತಂದಿಡಿ, ತುಂಬಿಲ್ಲ ಅಂತ ದಿನವಿಡೀ ಅದರಲ್ಲೇ ಇರಬಾರದು. ಟ್ಯಾಂಪೂನ್, ಮುಟ್ಟಿನ ಕಪ್ 6 ವಾರದ ತಪಾಸಣೆ ಆಗುವವರೆಗೆ ಬೇಡ.

ಮತ್ತೆ, ಬಚ್ಚಲುಮನೆಗೆ ಗಟ್ಟಿಯಾದ ಚಿಲಕ, ಹಿಡಿದುಕೊಳ್ಳಲು ಒಂದು ಹಿಡಿಕೆ. ಜನ ನೋಡೋಕೆ ಬಂದಾಗ "ಅವಳು ಮಲಗಿದ್ದಾಳೆ" ಅಂತ ಬಾಗಿಲಲ್ಲೇ ಹೇಳುವುದು ನಿಮ್ಮ ಕೆಲಸ. ಇಡೀ ದಿನ ಕೂತು ಎಲ್ಲರಿಗೂ ಮಗು ತೋರಿಸೋದರಿಂದ ಹೊಲಿಗೆ ನೋವು ಜಾಸ್ತಿಯಾಗುತ್ತೆ. ಒಂದು ಪಕ್ಕಕ್ಕೆ ಮಲಗಿ ಹಾಲೂಡಿಸಿದರೆ ಆ ಜಾಗಕ್ಕೆ ಭಾರ ಬೀಳಲ್ಲ.

ಸಿಸೇರಿಯನ್ ಅಮ್ಮ, ಬೆಳಗಾವಿ

ನಮ್ಮಂಥವರನ್ನು ಮರೆಯಬೇಡಿ. ಆಪರೇಷನ್ ಆದವರಿಗೆ ಕೆಳಗಡೆ ಏನೂ ತೊಂದರೆ ಇಲ್ಲ ಅಂತ ಎಷ್ಟೋ ಜನ ತಿಳಿದಿದ್ದಾರೆ. ನಮಗೂ ಬ್ಲೀಡಿಂಗ್ ವಾರಗಟ್ಟಲೆ ಹೋಗುತ್ತದೆ. ಮೂತ್ರದ ನಳಿಕೆ ಹಾಕಿ ತೆಗೆದಿರುತ್ತಾರೆ, ಆಮೇಲೆ ಉರಿ, ಪದೇ ಪದೇ ಮೂತ್ರ ಬಂದ ಹಾಗೆ ಅನಿಸಿದರೆ ಸೋಂಕು ಇರಬಹುದು. ಪರೀಕ್ಷೆ ಮಾಡಿಸಬೇಕು.

ಹೊಟ್ಟೆಯ ಗಾಯ ಮಡಿಕೆಯ ಕೆಳಗೆ ಇರುತ್ತದೆ, ನಮಗೇ ಕಾಣಿಸಲ್ಲ. ಕನ್ನಡಿ ಹಿಡಿದು ನೋಡಿಕೊಳ್ಳಿ, ಇಲ್ಲವೇ ಮನೆಯವರಿಗೆ ತೋರಿಸಿ. ಸ್ನಾನ ಆದ ಮೇಲೆ ಮೆತ್ತಗಿನ ಬಟ್ಟೆ ಒತ್ತಿ ನೀರಿನಂಶ ಪೂರ್ತಿ ತೆಗೆಯಿರಿ. ಪೌಡರ್, ಅರಿಶಿನ, ಎಣ್ಣೆ ಯಾವುದೂ ಬೇಡ. ಕೆಂಪಾಗಿ ಬಿಸಿಯಾದರೆ, ನೀರು ಒಸರಿದರೆ ತೋರಿಸಿ. ಕೆಮ್ಮುವಾಗ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಳ್ಳಿ.

ಇಂಗ್ಲೆಂಡಿನ ಕನ್ನಡತಿ, ಲೆಸ್ಟರ್

ಇಲ್ಲಿ ಹೆರಿಗೆಯಾದ ಮೇಲೆ ಮಿಡ್‌ವೈಫ್ ಮನೆಗೇ ಬರುತ್ತಾರೆ. ನನ್ನ ಮನೆಗೆ ಬಂದವರು ಮೊದಲು ಕೇಳಿದ್ದು "ಹೊಲಿಗೆ ನೋಡಲಾ?" ಅಂತ. 6ರಿಂದ 8 ವಾರದ ಹೊತ್ತಿಗೆ ಡಾಕ್ಟರ್ ತಪಾಸಣೆಯೂ ಇದೆ. ಆದರೆ ಎಣ್ಣೆ ಹಚ್ಚೋಕೆ, ಬಿಸಿ ಸಾರು ಮಾಡಿಕೊಡೋಕೆ ಯಾರೂ ಇಲ್ಲ. ಅಮ್ಮ ವೀಸಾ ಸಿಕ್ಕಿ ಬರುವಷ್ಟರಲ್ಲಿ ಕಷ್ಟದ ದಿನಗಳು ಕಳೆದಿದ್ದವು.

ಇಲ್ಲಿಗೆ ಬರುವ ಗರ್ಭಿಣಿಯರಿಗೆ ಒಂದು ಮಾತು. ಆಸ್ಪತ್ರೆಯ ಟಾಯ್ಲೆಟ್‌ನಲ್ಲಿ ಮಗ್, ಜೆಟ್ ಸ್ಪ್ರೇ ಏನೂ ಇರಲ್ಲ, ಬರೀ ಪೇಪರ್. ಹೊಲಿಗೆ ಇರುವಾಗ ಪೇಪರ್ ಉಜ್ಜಿದರೆ ಜೀವ ಹೋಗುತ್ತೆ. ಬ್ಯಾಗಿನಲ್ಲಿ ಬಾಟಲಿ ಇಟ್ಟುಕೊಂಡೇ ಹೋಗಿ.

ತೀರ್ಥಹಳ್ಳಿ ಕಡೆಯವಳು

ನಾನು ಪ್ಯಾಡ್ ಬಳಸಲ್ಲ, ಹಳೆಯ ಪಂಚೆ, ಹತ್ತಿ ಸೀರೆ ಬಟ್ಟೆಯೇ. ಮಳೆಗಾಲದಲ್ಲಿ ಒಣಗೋದೇ ಇಲ್ಲ. ಗಂಡಸರು ಓಡಾಡುವ ಕಡೆ ಹಾಕಬೇಡ ಅಂತ ಬಚ್ಚಲ ಮೂಲೆಯಲ್ಲಿ ಇನ್ನೊಂದು ಬಟ್ಟೆಯಡಿ ಒಣಹಾಕುತ್ತೇವೆ. ತೊಂದರೆ ಇದೆಯಾ?

ಆಶಾ ಕಾರ್ಯಕರ್ತೆ, ಕೊಪ್ಪಳ

ಬಟ್ಟೆ ತಪ್ಪಲ್ಲ ಅಕ್ಕ. ತೇವ ತಪ್ಪು. ತಣ್ಣೀರಲ್ಲಿ ರಕ್ತ ಬಿಡಿಸಿ, ಸೋಪಿನಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಬೇಕು. ನಿಮ್ಮ ಕಡೆ ಮಳೆಗಾಲಕ್ಕೆ ಬಿಸಿಲು ಎಲ್ಲಿಂದ ತರುತ್ತೀರಿ! ಕುದಿಯುವ ನೀರಲ್ಲಿ ಅದ್ದಿ ಹಿಂಡಿ, ಗಾಳಿ ಆಡುವ ಕಡೆ ಹರಡಿ, ಕೊನೆಗೆ ಇಸ್ತ್ರಿ ಹಾಕಿ ತೇವ ಪೂರ್ತಿ ತೆಗೆಯಿರಿ. ಅರೆ ಒಣಗಿದ್ದನ್ನು ಉಟ್ಟರೆ ತುರಿಕೆ, ಸೋಂಕು ಖಂಡಿತ. ಜಾಸ್ತಿ ಹೋಗುವ ಮೊದಲ ವಾರವಾದರೂ ಪ್ಯಾಡ್ ಬಳಸಿದರೆ ಹಗುರ. ಮುಚ್ಚಿಟ್ಟು ಒಣಗಿಸೋದನ್ನು ಮಾತ್ರ ಬಿಡಿ.

ಹಾಸನದ ಹೊಸ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಿಸ್ಟರ್, ಇವತ್ತು ಪ್ಯಾಡಿನಲ್ಲಿ ಸಣ್ಣ ದಾರದ ಚೂರು ಕಂಡಿತು. ಹೊಲಿಗೆ ಬಿಚ್ಚಿತಾ? ತುಂಬಾ ತುರಿಕೆಯೂ ಇದೆ. ಜೋರಾಗಿ ನಕ್ಕರೆ ಒಂದೆರಡು ಹನಿ ಮೂತ್ರವೂ ಹೋಗುತ್ತೆ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ.

ನಿವೃತ್ತ ಸಿಸ್ಟರ್, ಮೈಸೂರು

ಹೆದರಬೇಡ. ಕರಗುವ ದಾರ ಹಾಕಿರುತ್ತಾರೆ, ಕರಗುತ್ತಾ ಬಂದ ಹಾಗೆ ಚೂರು ಉದುರುತ್ತದೆ. ಗಾಯ ಬಾಯಿ ಬಿಟ್ಟಿಲ್ಲ, ಕೀವಿಲ್ಲ, ನೋವು ದಿನದಿಂದ ದಿನಕ್ಕೆ ಕಡಿಮೆ ಆಗುತ್ತಿದೆ ಅಂದರೆ ಸರಿಯಾಗಿಯೇ ಇದೆ. ಗಾಯ ಒಣಗುವಾಗ ತುರಿಕೆ ಬರುತ್ತದೆ. ಹೆರಿಗೆಗೆ ಮುಂಚೆ ಕೂದಲು ತೆಗೆದಿದ್ದರೆ ಅದು ಮತ್ತೆ ಬೆಳೆಯುವಾಗಲೂ ಬರುತ್ತದೆ. ಬಿಳಿ ಮೊಸರಿನಂಥ ಸ್ರಾವ ಜೊತೆಗಿದ್ದರೆ ಮಾತ್ರ ತೋರಿಸು. ಮಧ್ಯಾಹ್ನ ಮಗು ಮಲಗಿದಾಗ ಕೋಣೆಯ ಬಾಗಿಲು ಹಾಕಿಕೊಂಡು, ಒಳಉಡುಪು ಇಲ್ಲದೆ ಶುಭ್ರ ಬಟ್ಟೆ ಹಾಸಿ ಸ್ವಲ್ಪ ಹೊತ್ತು ಮಲಗು. ಗಾಳಿ ಆಡಿದರೆ ಬೇಗ ಒಣಗುತ್ತದೆ.

ಮೂತ್ರ ಸೋರುವುದು ಎಷ್ಟೋ ಜನರಿಗೆ ಆಗುತ್ತದೆ. ಹೂಸು ತಡೆಯುವಾಗ ಹೇಗೆ ಬಿಗಿ ಹಿಡಿಯುತ್ತೇವೋ ಹಾಗೆ ಆ ಸ್ನಾಯುಗಳನ್ನು ಮೇಲಕ್ಕೆಳೆದು ಕೆಲವು ಸೆಕೆಂಡ್ ಹಿಡಿ, ಪೂರ್ತಿ ಸಡಿಲ ಬಿಡು. ಉಸಿರು ಕಟ್ಟಬೇಡ. ಹಾಲೂಡಿಸುವಾಗಲೆಲ್ಲ ಹತ್ತು ಸಲ ಮಾಡು. ನೋವಾದರೆ ಎರಡು ದಿನ ಬಿಟ್ಟು ಶುರು ಮಾಡು. ಮೂರು ತಿಂಗಳಾದರೂ ಸೋರುತ್ತಿದ್ದರೆ ಡಾಕ್ಟರಿಗೆ ಹೇಳು. ಮಲವೋ ಗಾಳಿಯೋ ತಡೆಯೋಕೆ ಆಗದಿದ್ದರೆ ಅಷ್ಟು ದಿನ ಕಾಯಬೇಡ, ಈಗಲೇ ಹೋಗು.

ಹೆಸರು ಬೇಡ

ಸಿಸ್ಟರ್, ನನ್ನದೂ ಒಂದು ಪ್ರಶ್ನೆ. ಗಂಡನ ಜೊತೆ ಸೇರೋದು ಯಾವಾಗಿಂದ? ಎರಡು ತಿಂಗಳಾಯಿತು, ಪ್ರಯತ್ನಿಸಿದಾಗ ಒಳಗೆಲ್ಲ ಒಣಗಿದ ಹಾಗೆ ಅನಿಸಿ ತುಂಬಾ ನೋವಾಯಿತು.

ನಿವೃತ್ತ ಸಿಸ್ಟರ್, ಮೈಸೂರು

ಬ್ಲೀಡಿಂಗ್ ನಿಂತು, ಗಾಯ ವಾಸಿಯಾಗಿ, ನಿನಗೆ ಮನಸ್ಸಿದ್ದಾಗ ಮಾತ್ರ. 6 ವಾರದ ತಪಾಸಣೆ ಆಗಿದ್ದರೂ ನಿನಗೆ ಬೇಡ ಅನಿಸಿದರೆ ಬೇಡವೇ. ಹಾಲೂಡಿಸುವಾಗ ಈಸ್ಟ್ರೋಜನ್ ಹಾರ್ಮೋನ್ ಕಡಿಮೆ ಇರುವುದರಿಂದ ಆ ಜಾಗ ಒಣಗುತ್ತದೆ. ನಿನ್ನಲ್ಲಿ ಏನೋ ಕೆಟ್ಟಿದೆ ಅಂತಲ್ಲ. ಮೆಡಿಕಲ್ ಶಾಪಿನಲ್ಲಿ ನೀರಿನ ಅಂಶದ ಲೂಬ್ರಿಕೆಂಟ್ ಜೆಲ್ ಸಿಗುತ್ತದೆ. ಕೊಬ್ಬರಿ ಎಣ್ಣೆ ಬಳಸಿದರೆ ಕಾಂಡೋಮ್ ಹರಿಯುತ್ತದೆ, ಅದು ನೆನಪಿರಲಿ. ಮುಟ್ಟು ಬರುವ ಮುಂಚೆಯೇ ಮತ್ತೆ ಗರ್ಭ ನಿಲ್ಲಬಹುದು.

ಜೆಲ್ ಹಾಕಿದರೂ ನೋವಿದ್ದರೆ ಹೊಲಿಗೆ ಬಿಗಿಯಾಗಿದೆಯಾ ಅಂತ ಡಾಕ್ಟರ್ ನೋಡಬೇಕು. ಅದಕ್ಕೆ ಚಿಕಿತ್ಸೆ ಇದೆ. ಹೋಗುವಾಗ ಗಂಡನನ್ನೂ ಕರೆದುಕೊಂಡು ಹೋಗು, ಡಾಕ್ಟರ್ ಹೇಳುವುದನ್ನು ಅವನೂ ಕೇಳಲಿ.